ನಿಮಿಷಕ್ಕೆ ನೂರಿಪ್ಪತ್ತು ಪದ

ಆಗಸ್ಟ್ 4, ಸೋಮವಾರ

ಮೂರನೇ ಸಲವೂ ಫೇಲು. ಇಂಗ್ಲಿಷ್ ಶಾರ್ಟ್‌ಹ್ಯಾಂಡ್, ಸೀನಿಯರ್, ಸಿ. ಅನುಪಮಾ, ಅನುತ್ತೀರ್ಣ. ಕನ್ನಡ ಶಾರ್ಟ್‌ಹ್ಯಾಂಡಿನಲ್ಲಿ ಮೊದಲ ಸಲಕ್ಕೇ ಫಸ್ಟ್ ಕ್ಲಾಸ್ ತೆಗೆದವಳು ಇದೇ ಸಿ. ಅನುಪಮಾ ಎಂದು ಯಾರಿಗಾದರೂ ಹೇಳಿದರೆ ನಗುತ್ತಾರೆ.

ಕೋರ್ಟಿನ ಸ್ಟೆನೋ ಕೆಲಸಕ್ಕೆ ಅರ್ಜಿ ಹಾಕಲು ಎರಡೂ ಬೇಕು. ನನ್ನ ವಯಸ್ಸಿನ ಮಿತಿಗೆ ಇನ್ನು ಒಂದು ವರ್ಷವೂ ಉಳಿದಿಲ್ಲ. ಡಿಸೆಂಬರಿನ ಪರೀಕ್ಷೆಯೇ ಕೊನೆಯದು. ಅದೂ ಹೋದರೆ ಕೋರ್ಟಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಬೇರೆಯವರ ಅಫಿಡವಿಟ್ ಟೈಪ್ ಮಾಡುತ್ತಲೇ ನನ್ನ ತಲೆ ಬೆಳ್ಳಗಾಗಬೇಕು.

ಈ ವಿದ್ಯೆ ಕಂಡುಹಿಡಿದವನ ಮೇಲೆ ನನಗೆ ಸಿಟ್ಟಿಲ್ಲ, ಇಂಗ್ಲಿಷಿನ ಮೇಲಿದೆ. ಶಾರ್ಟ್‌ಹ್ಯಾಂಡಿನಲ್ಲಿ ಅಕ್ಷರವೇ ಇಲ್ಲ, ಬರೀ ಗೆರೆ. ಕಿವಿಗೆ 'ಪ' ಬಿದ್ದರೆ ತೆಳು ಗೆರೆ, 'ಬ' ಬಿದ್ದರೆ ದಪ್ಪ ಗೆರೆ. ಸ್ಪೆಲ್ಲಿಂಗ್ ಮರೆತು ಸದ್ದನ್ನು ಮಾತ್ರ ಹಿಡಿಯಬೇಕು, ನಿಮಿಷಕ್ಕೆ ನೂರಿಪ್ಪತ್ತು ಪದ. ಕನ್ನಡದಲ್ಲಿ ಇದು ನೀರು ಕುಡಿದಷ್ಟು ಸುಲಭ. ಇಂಗ್ಲಿಷಿನಲ್ಲಿ ಸದ್ದು ಕೇಳಿ ಗೆರೆ ಎಳೆದು, ಆಮೇಲೆ ಆ ಗೆರೆ ನೋಡಿಕೊಂಡು, ಸದ್ದಿಗೂ ತನಗೂ ಸಂಬಂಧವೇ ಇಲ್ಲದ ಸ್ಪೆಲ್ಲಿಂಗಿನಲ್ಲಿ ಟೈಪ್ ಮಾಡಬೇಕು. ಅದೂ ಆಗಲಿ ಎಂದುಕೊಂಡರೆ, ಪರೀಕ್ಷೆಯ ದಿನ ಡಿಕ್ಟೇಶನ್ ಓದಿದಾತ ಹೇಳಿದ ಹತ್ತು ಹನ್ನೆರಡು ಪದ ನಾನು ಹುಟ್ಟಿದಾರಭ್ಯ ಕೇಳಿದವೇ ಅಲ್ಲ. ಒಂದು ಪದ ತಪ್ಪಿದರೆ ಅದರ ಹಿಂದೆ ಐದು ಪದ ಓಡಿಹೋಗುತ್ತವೆ. ಪ್ರಶ್ನೆಪತ್ರಿಕೆಯನ್ನು ಆಮೇಲೆ ನೋಡಿದೆ. ಆ ಪದಗಳೆಲ್ಲ ದಿನಾ ಅಂಗಡಿಯಲ್ಲಿ ಟೈಪ್ ಮಾಡುವವೇ. ಕಣ್ಣಿಗೆ ಗೊತ್ತು, ಕಿವಿಗೆ ಗೊತ್ತಿಲ್ಲ.

ಅಶೋಕನಿಗೆ ಫೋನ್ ಮಾಡಿದೆ. ಬಸ್ ಡಿಪೋದಲ್ಲಿದ್ದ. "ಮುಂದಿನ್ ಸಲ ಆಯ್ತದೆ ಬುಡು" ಎಂದ. ಮೂರು ಸಲವೂ ಗಂಡನಿಂದ ಇದೇ ಮಾತು ಕೇಳಿದ್ದೇನೆ.

ಆಗಸ್ಟ್ 6, ಬುಧವಾರ

ಬೆಳಿಗ್ಗೆ ಆರೂವರೆಗೆ ಸರಸ್ವತಿಪುರಂನಲ್ಲಿ ಕ್ಲಾಸು. ಕೆಸರೆಯಿಂದ ಎರಡು ಬಸ್ಸು. ಇನ್‌ಸ್ಟಿಟ್ಯೂಟಿನಲ್ಲಿ ಇಂಗ್ಲಿಷ್ ಸೀನಿಯರ್‌ಗೆ ಉಳಿದಿರುವವಳು ನಾನೊಬ್ಬಳೇ. ಸದಾಶಿವಯ್ಯ ಸಾರ್‌ಗೆ ಎಪ್ಪತ್ತನಾಲ್ಕು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಸ್ಟಾಪ್‌ವಾಚು. ನಲವತ್ತೊಂದು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತು ಡಿಕ್ಟೇಶನ್ ಕೊಡುತ್ತಿದ್ದಾರೆ.

ರಿಸಲ್ಟ್ ಹೇಳಿದೆ. ಅವರು ಕನ್ನಡಕ ತೆಗೆದು, "ನಿನಗೆ ಕೈ ಇದೆ ಕಣಮ್ಮ, ಕಿವಿ ಇಲ್ಲ. ಈ ಹತ್ತು ವರ್ಷದಿಂದ ಬರೋರೆಲ್ಲ ಹಿಂಗೇ. ಕಿವುಡರ ಸಂತೆ" ಎಂದರು.

ಪಕ್ಕದಲ್ಲಿ ಟೈಪಿಂಗ್ ಹುಡುಗಿಯರಿದ್ದರು. ಮಿಷನ್‌ಗಳ ಸದ್ದು ಒಂದು ಗಳಿಗೆ ನಿಂತಿತು. ನಾನು ತಲೆ ತಗ್ಗಿಸಿ ಪೆನ್ಸಿಲ್ ಕೆತ್ತಿದೆ.

ಆಗಸ್ಟ್ 17, ಭಾನುವಾರ

ಕಿವಿ ಇಲ್ಲವಂತೆ, ಇರಲಿ, ಬೆಳೆಸಿಕೊಳ್ಳೋಣ ಎಂದು ಗಗನಳನ್ನು ಕೂರಿಸಿಕೊಂಡೆ. ಮಗಳು ಐದನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಸಾಲ ಎನ್ನುವ ಅರ್ಥದ ಪದ ಬಂತು. ಅವಳು 'ಡೆಟ್' ಎಂದಳು. "ಸರಿಯಾಗಿ ಓದೇ, ಡೆಬ್ಟ್" ಎಂದೆ. ಸಾರ್ ಹೇಳುವುದು ಡೆಬ್ಟ್. ನನ್ನ ಗೆರೆಯಲ್ಲಿ 'ಬ' ಇದೆ.

"ಅಲ್ಲಮ್ಮ, ಬಿ ಸೈಲೆಂಟು."

"ಬಾಯಿ ಮುಚ್ಕೊಂಡು ಕೂತ್ಕೊಳಕ್ಕೆ ಅದ್ಯಾಕೆ ಅಲ್ಲಿಗೆ ಬಂತು?"

"ನಂಗೇನ್ ಗೊತ್ತು? ಮಿಸ್ ಹಂಗೇ ಹೇಳ್ಕೊಟ್ಟಿದ್ದು. ನಿನ್ ಇಂಗ್ಲಿಷ್ ಒಂಥರಾ ಇದೆ ಅಮ್ಮ." ನಕ್ಕಳು. ನಾನು ಅವಳ ಬೆನ್ನಿಗೆ ಒಂದು ಕೊಟ್ಟೆ. ಅಳುತ್ತಾ ಅಜ್ಜಿಯ ಹತ್ತಿರ ಹೋದಳು.

ಅವ್ವ ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡಿದ್ದಳು. ಅವಳಿಗೆ ಓದು ಬರುವುದಿಲ್ಲ. "ಮಗೀನ್ ಯಾಕ್ ಒಡ್ದೆ? ನೀನ್ ಚಿಕ್ಕೋಳಾಗಿದ್ದಾಗ ಮನೇಲಿ ಆಡ್ದಂಗೇ 'ಆಲು' ಅಂತ ಬರ್ದೆ ಅಂತ ಮೇಷ್ಟ್ರು ನಿಂಗೂ ಒಡ್ದಿದ್ರು. ನೀನ್ ಅತ್ಕೊಂಡ್ ಬಂದಿದ್ದೆ. ಮಾತಾಡೋದೊಂದು ಬರಿಯೋದೊಂದು ಎಲ್ಲಾ ಕಡೆನೂ ಅದೆ ಕಣೇ" ಎಂದಳು.

ನಮ್ಮ 'ಹಾಲಿ'ನಲ್ಲಿ ಒಂದು ಹಕಾರ ಬಿದ್ದುಹೋಗುವುದು ಬೇರೆ, ಇಂಗ್ಲಿಷಿನವರದು ಬೇರೆ. ಅವ್ವನ ಜೊತೆ ವಾದ ಮಾಡಲು ಮನಸ್ಸಾಗಲಿಲ್ಲ. ತಲೆನೋವು.

ಆಗಸ್ಟ್ 29, ಶುಕ್ರವಾರ

ಆ 'ಬಿ' ಅಲ್ಲಿಗೆ ಯಾಕೆ ಬಂತು ಎಂದು ಹುಡುಕುತ್ತಾ ಅಂಗಡಿಯ ಕಂಪ್ಯೂಟರಿನಲ್ಲಿ ಊಟದ ಹೊತ್ತೆಲ್ಲ ಕಳೆದೆ. ಗೊತ್ತಾದ ಮೇಲೆ ಸಿಟ್ಟು ಇಮ್ಮಡಿಯಾಯಿತು.

ಹಿಂದೆ ಇಂಗ್ಲಿಷಿನವರೂ ಆ ಪದವನ್ನು 'ಬಿ' ಇಲ್ಲದೆ ಬರೆಯುತ್ತಿದ್ದರಂತೆ. ಆಮೇಲೆ ಯಾರೋ ಪಂಡಿತರು, ಇದರ ಮೂಲ ಲ್ಯಾಟಿನ್ನಿನಲ್ಲಿ 'ಬಿ' ಇತ್ತಲ್ಲ, ನಮ್ಮ ವಿದ್ಯೆ ಜನರಿಗೆ ಕಾಣಲಿ ಎಂದು ತಂದು ಸಿಕ್ಕಿಸಿದರಂತೆ. ರಸೀದಿಯ ಇಂಗ್ಲಿಷ್ ಪದದ ನಡುವಿನ 'ಪಿ'ಯದೂ ಇದೇ ಕಥೆ. ಚಾಕು ಎನ್ನುವ ಪದದ ಮುಂದಿನ 'ಕೆ'ಯನ್ನಾದರೂ ಒಂದು ಕಾಲದಲ್ಲಿ ಬಾಯಿಬಿಟ್ಟು ಹೇಳುತ್ತಿದ್ದರಂತೆ. ಐನೂರು ಚಿಲ್ಲರೆ ವರ್ಷದ ಹಿಂದೆ ಅಚ್ಚಿನ ಮಿಷನ್ ಬಂದು ಸ್ಪೆಲ್ಲಿಂಗು ಬರಬರುತ್ತಾ ಗಟ್ಟಿಯಾಯಿತು. ಜನರ ಬಾಯಿ ಮಾತ್ರ ಬದಲಾಗುತ್ತಲೇ ಹೋಯಿತು. ಪದಗಳೋ, ಫ್ರೆಂಚಿನಿಂದ ಒಂದು, ಗ್ರೀಕಿನಿಂದ ಒಂದು, ಇಟಲಿಯಿಂದ ಒಂದು, ಬಂದಬಂದವು ತಮ್ಮ ತಮ್ಮ ತವರಿನ ಬಟ್ಟೆಯಲ್ಲೇ ಕೂತಿವೆ. ಮಿಲಿಟರಿಯ ಕರ್ನಲ್ ಎನ್ನುವ ಪದದ ಸ್ಪೆಲ್ಲಿಂಗ್ ಒಂದು ಭಾಷೆಯದು, ಉಚ್ಚಾರ ಇನ್ನೊಂದರದು. ಅದರಲ್ಲಿ 'ಆರ್' ಎಲ್ಲಿದೆ ಎಂದು ನಾನು ಹೈಸ್ಕೂಲಿನಲ್ಲಿ ಹುಡುಕಿದ್ದೇ ಹುಡುಕಿದ್ದು.

ಅವರ ಮನೆಯ ಗೋಜಲನ್ನು ಅವರು ಇಟ್ಟುಕೊಳ್ಳಲಿ. ಕೆಸರೆಯಲ್ಲಿರುವ ನನ್ನ ಅನ್ನಕ್ಕೆ ಯಾಕೆ ಅಡ್ಡ ಬರಬೇಕು?

ಸೆಪ್ಟೆಂಬರ್ 10, ಬುಧವಾರ

ಇದನ್ನು ಬರೆದೇ ಮಲಗುತ್ತೇನೆ.

ಇವತ್ತು ಸಾರ್‌ಗೆ ಕೆಮ್ಮು. ಡಿಕ್ಟೇಶನ್ ಅರ್ಧಕ್ಕೆ ನಿಲ್ಲಿಸಿ ಬಿಸಿನೀರು ಕುಡಿಯಲು ಒಳಗೆ ಹೋದರು. ಅವರ ಡಿಕ್ಟೇಶನ್ ಪುಸ್ತಕ ಮೇಜಿನ ಮೇಲಿತ್ತು. ಅದನ್ನು ಅವರು ಯಾರ ಕೈಗೂ ಕೊಡುವುದಿಲ್ಲ. ತಪ್ಪಿದ ಸಾಲು ನೋಡೋಣ ಎಂದು ನಾನು ತಿರುಗಿಸಿದೆ.

ಪ್ರತಿ ಕಷ್ಟದ ಪದದ ತಲೆಯ ಮೇಲೂ ಇರುವೆಯಷ್ಟು ಸಣ್ಣ ಕನ್ನಡ ಅಕ್ಷರ. ಡೆಬ್ಟ್. ರಿಸೀಪ್ಟ್. ಇಂಡಿಕ್ಟ್. ಸಬ್‌ಪೋಯಿನಾ. ಲಿಯೆನ್. ವಾರಸುದಾರ ಎನ್ನುವುದಕ್ಕೆ ಹೇರ್. ನೀಲಿ ಶಾಯಿ ಮಾಸಿ ಕಂದಾಗಿದೆ, ಎಷ್ಟು ವರ್ಷದ್ದೋ. ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಪಾಠದ ಮೇಲೆ ಹೀಗೇ ಕನ್ನಡದಲ್ಲಿ ಬರೆದುಕೊಂಡು ಗಟ್ಟಿಯಾಗಿ ಓದುತ್ತಿದ್ದೆ. ನಮ್ಮ ಕ್ಲಾಸಿನಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು.

ಸಾರ್ ಕೂಡ ಇಂಗ್ಲಿಷನ್ನು ಯಾರ ಬಾಯಿಂದಲೂ ಕಲಿತವರಲ್ಲ. ಕಣ್ಣಿಂದ ಕಲಿತವರು. ಸ್ಪೆಲ್ಲಿಂಗ್ ನೋಡಿ, ಕನ್ನಡದ ನ್ಯಾಯದಲ್ಲಿ, ಇರುವ ಅಕ್ಷರಕ್ಕೆಲ್ಲ ಒಂದೊಂದು ಸದ್ದು ಕೊಟ್ಟು ಇಟ್ಟುಕೊಂಡಿದ್ದಾರೆ. ನಾನು ಎರಡೂವರೆ ವರ್ಷ ಆ ಸದ್ದಿಗೆ ಗೆರೆ ಎಳೆದಿದ್ದೇನೆ. ಸಾಕ್ಷಿಗೆ ಕಳಿಸುವ ಸಮನ್ಸಿಗೆ ಪರೀಕ್ಷೆಯಲ್ಲಿ ಓದುವಾತ 'ಸಪೀನಾ' ಎಂದ. ಅದು ನನ್ನ ಸಬ್‌ಪೋಯಿನಾ ಎಂದು ನನಗೆ ಹೇಗೆ ಗೊತ್ತಾಗಬೇಕಿತ್ತು?

ಕಿವುಡರ ಸಂತೆಯಂತೆ!

ಸೆಪ್ಟೆಂಬರ್ 11, ಗುರುವಾರ

ಹೇಳಿಬಿಟ್ಟೆ. ಎಲ್ಲರ ಎದುರೇ ಹೇಳಿದೆ. ಅವರು 'ರಿಸೀಪ್ಟ್' ಎಂದು ಓದುತ್ತಿದ್ದಂತೆ ಪೆನ್ಸಿಲ್ ಕೆಳಗಿಟ್ಟು, "ಸಾರ್, ಅದು ರಿಸೀಟ್. ನಿಮ್ಮ ಪುಸ್ತಕದಲ್ಲಿ ಬರ್ಕೊಂಡಿರೋದೆಲ್ಲ ತಪ್ಪು. ನಾನು ಫೇಲಾಗಿದ್ದು ನನ್ನ ಕಿವಿಯಿಂದಲ್ಲ, ನಿಮ್ಮ ಬಾಯಿಂದ" ಎಂದೆ.

ಅವರು ಸ್ಟಾಪ್‌ವಾಚು ನಿಲ್ಲಿಸಿದರು. ಪುಸ್ತಕವನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಗಂಟೆ ಏಳೂ ಆಗಿರಲಿಲ್ಲ.

ನಾನು ಹೇಳಿದ್ದು ಸತ್ಯ.

ಸೆಪ್ಟೆಂಬರ್ 15, ಸೋಮವಾರ

ಸಾರ್ ಬರಲಿಲ್ಲ. ನಾನು ಹೇಳಿದ್ದು ಸತ್ಯವೇ.

ಸೆಪ್ಟೆಂಬರ್ 24, ಬುಧವಾರ

ಇವತ್ತೂ ಬರಲಿಲ್ಲ. ದಸರೆಯ ಜನ, ಬಸ್ಸು ಎಲ್ಲೆಲ್ಲೋ ಸುತ್ತಿಸಿಕೊಂಡು ಹೋಯಿತು. ನಾನು ಮುಟ್ಟುವ ಹೊತ್ತಿಗೆ ಜೂನಿಯರ್‌ನ ಇಬ್ಬರು ಹುಡುಗಿಯರು, ಪ್ರೀತಿ ಮತ್ತು ಸುಚಿತ್ರಾ, ಖಾಲಿ ಕುರ್ಚಿ ನೋಡುತ್ತಾ ಕೂತಿದ್ದರು. ಇನ್‌ಸ್ಟಿಟ್ಯೂಟಿನ ಬೀಗದ ಕೈ ಪಕ್ಕದ ಮನೆಯಲ್ಲಿ ಇಟ್ಟಿರುತ್ತಾರೆ.

"ಅಕ್ಕ, ನೀವಾದ್ರೂ ಒಂದ್ ಪ್ಯಾಸೇಜ್ ಹೇಳ್ರಕ್ಕ. ಕೈ ಜಡ ಆಗೋಯ್ತು" ಎಂದಳು ಪ್ರೀತಿ. ಹೇಳಿದೆ. ನಿಮಿಷಕ್ಕೆ ಎಂಬತ್ತು. ಪ್ರೀತಿ ಒಂದೇ ಪದದಲ್ಲಿ ಎರಡು ಸಲ ತಪ್ಪಿದಳು. ಮೂರನೇ ಸಲಕ್ಕೆ ನನ್ನ ಬಾಯಿಂದ, "ಕಿವಿ ಇಲ್ವಾ ನಿಂಗೆ?" ಬಂದುಬಿಟ್ಟಿತು.

ಅವಳು ತಲೆ ತಗ್ಗಿಸಿದಳು. ಆ ಪದವನ್ನು ನಾನೇ ಸರಿಯಾಗಿ ಹೇಳಿದ್ದೆನೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಫೋನಿನ ಡಿಕ್ಷನರಿಯಲ್ಲಿ ಕೇಳಿಸಿದೆ. ತಪ್ಪು ಹೇಳಿದ್ದೆ. ಪ್ರೀತಿಗೆ ಹೇಳಿದೆ. "ಅಯ್ಯೋ ಬುಡಿ ಅಕ್ಕ" ಎಂದು ನಕ್ಕಳು.

ಇದರಲ್ಲಿ ಬರೆಯುವಂಥದ್ದೇನೂ ಇಲ್ಲ. ಪರೀಕ್ಷೆಗೆ ಎಂಬತ್ತು ದಿನ ಉಳಿದಿದೆ, ನನಗೆ ಡಿಕ್ಟೇಶನ್ ಕೊಡುವವರಿಲ್ಲ.

ಅಕ್ಟೋಬರ್ 5, ಭಾನುವಾರ

ಗಗನಳನ್ನು ಕರೆದುಕೊಂಡು ಸಾರ್ ಮನೆಗೆ ಹೋದೆ. ಕ್ಷಮೆ ಕೇಳಲು ಅಲ್ಲ. ಹಾಗಂತ ಬಸ್ಸಿನಲ್ಲಿ ಉದ್ದಕ್ಕೂ ಅಂದುಕೊಂಡೆ.

ಸಾರ್ ಹೆಂಡತಿ ಪಾರ್ವತಮ್ಮನವರು ಬಾಗಿಲು ತೆಗೆದರು. "ಬನ್ನಿ. ಏನ್ ಹೇಳಿದ್ರಮ್ಮ ಇವರಿಗೆ? ಮೂರು ವಾರದಿಂದ ಮಾತೇ ಕಮ್ಮಿ ಮಾಡಿದಾರೆ. ಸೊಸೆ ಇಂಗ್ಲಿಷಲ್ಲಿ ಏನಾದ್ರೂ ಅಂದ್ರೆ ಎದ್ದು ಹೋಗ್ತಾರೆ" ಎಂದರು. ಬೈಯುವ ಧಾಟಿಯಲ್ಲ. ಅದಕ್ಕೇ ನನಗೆ ಹೆಚ್ಚು ಕಸಿವಿಸಿಯಾಯಿತು.

ಸಾರ್ ನನ್ನನ್ನು ನೋಡಲಿಲ್ಲ. ಗಗನಳನ್ನು ನೋಡಿ, "ಯಾವ ಸ್ಕೂಲು ಪುಟ್ಟ?" ಎಂದರು. ಆಮೇಲೆ ಗೋಡೆಗೆ ಹೇಳುವವರಂತೆ ಹೇಳಿದರು: "ನಮ್ಮೂರಲ್ಲಿ ಇಂಗ್ಲಿಷ್ ಮಾತಾಡೋರು ಒಬ್ಬರೂ ಇರಲಿಲ್ಲ. ಪುಸ್ತಕ ಇತ್ತು. ಮಠದ ಹಾಸ್ಟೆಲ್‌ನಲ್ಲಿ ದೀಪ ಆರಿಸೋವರೆಗೂ ಓದ್ತಿದ್ದೆ. ಇಂಗ್ಲಿಷು ಬಂತು ಅನ್ಕೊಂಡೆ. ನನ್ನ ಡಿಕ್ಟೇಶನ್ ತಗೊಂಡು ಇನ್ನೂರು ಜನ ಕೆಲಸಕ್ಕೆ ಹೋಗಿದಾರೆ ಗೊತ್ತಾ? ನಾನು ತಪ್ಪಾಗಿದ್ರೆ ಅವರೆಂಗೆ ಪಾಸಾದ್ರು?"

ನನ್ನ ಹತ್ತಿರ ಉತ್ತರ ಇತ್ತು, ಹೇಳಲಿಲ್ಲ. ಆ ಕಾಲದಲ್ಲಿ ಪರೀಕ್ಷೆಯಲ್ಲಿ ಓದುತ್ತಿದ್ದವರೂ ಇವರ ಹಾಗೆ ಕಣ್ಣಿಂದಲೇ ಕಲಿತವರು. ಎಲ್ಲರ ತಪ್ಪೂ ಒಂದೇ ಆಗಿತ್ತು, ಹಾಗಾಗಿ ಅದು ಸರಿಯಾಗಿತ್ತು. ಈಗ ಓದುವವರು ಬೇರೆ.

ಅವರು ಪುಸ್ತಕ ತಂದು ಗಗನಳ ಮುಂದಿಟ್ಟು, "ಇದನ್ನೇನಂತೀರಾ ನಿಮ್ಮ ಸ್ಕೂಲಲ್ಲಿ?" ಎಂದರು. ಅದು ಲಿಯೆನ್, ಸಾಲಕ್ಕಾಗಿ ಆಸ್ತಿಯ ಮೇಲಿರುವ ಹಿಡಿತ. ಗಗನ ಬೆರಳಿಟ್ಟು ನೋಡಿ, "ಗೊತ್ತಿಲ್ಲ ತಾತ. ಲಿ... ಯೆನ್?" ಎಂದಳು. ಸಾರ್ ಮುಖ ಅರಳಿತು. ನಾನು ಫೋನಿನಲ್ಲಿ ಕೇಳಿಸಿದೆ. 'ಲೀನ್' ಎಂದಿತು. "ಐ, ಇ ಎರಡನ್ನೂ ಇಟ್ಕೊಂಡು ಒಂದನ್ನೇ ಹೇಳೋದಾ! ಇದೆಂಥ ಅನ್ಯಾಯ" ಎಂದು ಸಾರ್ ಫೋನಿಗೇ ಬೈದರು. ಗಗನ ನಕ್ಕಳು. ಅವರು ಇನ್ನೊಂದು ಪದಕ್ಕೆ ಪುಟ ತಿರುಗಿಸಿದರು. ಹೊರಡುವ ಹೊತ್ತಿಗೆ ಊಟದ ಸಮಯ ಮೀರಿತ್ತು, ಪಾರ್ವತಮ್ಮನವರು ಊಟ ಮಾಡಿಸಿಯೇ ಕಳಿಸಿದರು.

ನಾಳೆಯಿಂದ ಸಾರ್ ಕ್ಲಾಸಿಗೆ ಬರುತ್ತಾರಂತೆ. ಕ್ಷಮೆ ಕೇಳಲಿಲ್ಲ ನಾನು. ಅವರೂ ಕೇಳಲಿಲ್ಲ.

ನವೆಂಬರ್ 9, ಭಾನುವಾರ

ತಿಂಗಳಿಂದ ಬರೆಯಲು ಪುರಸೊತ್ತಿಲ್ಲ. ಪುಸ್ತಕದ ಅರ್ಧದಷ್ಟು ಪದಕ್ಕೆ ಸಾರ್ ಕೆಂಪು ಪೆನ್ನಿನಲ್ಲಿ ಹೊಸ ಉಚ್ಚಾರ ಬರೆದಿದ್ದಾರೆ, ಕನ್ನಡದಲ್ಲೇ. ಓದುವಾಗ ಹಳೆಯದೇ ಬಾಯಿಗೆ ಬರುತ್ತದೆ, ತಡೆದು ತಿದ್ದಿಕೊಳ್ಳುತ್ತಾರೆ. ಅಷ್ಟರಲ್ಲಿ ವೇಗ ನೂರಕ್ಕೆ ಇಳಿದಿರುತ್ತದೆ. ನನಗೆ ರೇಗುತ್ತದೆ, ನುಂಗಿಕೊಳ್ಳುತ್ತೇನೆ.

ಅಂಗಡಿಯಲ್ಲಿ ಇನ್ನೊಂದು ಉಪಾಯ. ಜೆರಾಕ್ಸಿಗೆ ಬರುವ ವಕೀಲರಿಗೆ, "ಸಾರ್, ಕಾಪಿ ಆಗೋವರೆಗೂ ಈ ಒಂದು ಪುಟ ಜೋರಾಗಿ ಓದಿಕೊಡ್ತೀರಾ?" ಎನ್ನುತ್ತೇನೆ. ಮೊದಲ ದಿನ ನಾಚಿಕೆಯಾಗಿತ್ತು, ಈಗ ಅಭ್ಯಾಸವಾಗಿದೆ. ಶ್ರೀರಾಂಪುರದಿಂದ ಬರುವ ಮಹದೇವಸ್ವಾಮಿ ವಕೀಲರದು ಒಂದು ಇಂಗ್ಲಿಷು, ಕೇರಳದ ಮೇಡಂ ಒಬ್ಬರದು ಇನ್ನೊಂದು, ದೆಹಲಿಯಲ್ಲಿ ಓದಿ ಬಂದ ಹುಡುಗನದು ಮತ್ತೊಂದು. ಮೂವರೂ ಒಂದೇ ಪದವನ್ನು ಮೂರು ಥರ ಹೇಳಿದರು. ಯಾರದು ಸರಿ ಎಂದು ಕೇಳಿದ್ದಕ್ಕೆ ಮೂವರೂ ತಮ್ಮದೇ ಎಂದರು. ಎಲ್ಲವನ್ನೂ ಗೆರೆಯಲ್ಲಿ ಹಿಡಿದು ಬೆಳಿಗ್ಗೆ ಸಾರ್‌ಗೆ ತೋರಿಸುತ್ತೇನೆ.

"ಒಬ್ಬೊಬ್ಬರ ಬಾಯಿಗೆ ಕಿವಿ ಒಗ್ಗೋಕೆ ಎರಡು ಸಾಲು ಬೇಕು ಕಣಮ್ಮ. ನಿನ್ನೆ ಮೊನ್ನೆ ಗೊತ್ತಾಯ್ತು ನಂಗೆ" ಎಂದರು ಸಾರ್.

ಡಿಸೆಂಬರ್ 13, ಶನಿವಾರ

ಪರೀಕ್ಷೆ ಆಯಿತು. ಓದಲು ಬಂದಿದ್ದವರು ಎಲ್ಲಿಯವರೋ, ರೋಲ್ ನಂಬರ್ ಹೇಳುವಾಗಲೇ ಅವರ ದನಿ ಹೊಸದು ಎನಿಸಿತು. ನಲವತ್ತು ಜನ ಪೆನ್ಸಿಲ್ ಹಿಡಿದು ಕಲ್ಲಾಗಿ ಕೂತಿದ್ದರು. ನಾನು ಎದ್ದು ನಿಂತೆ.

"ಸಾರ್, ನಿಮ್ಮ ದನಿ ನಮಗೆ ಅಭ್ಯಾಸ ಇಲ್ಲ. ಪರೀಕ್ಷೆಯದಲ್ಲದ ಎರಡು ಸಾಲು ಬೇರೆ ಏನಾದ್ರೂ ಮೊದ್ಲು ಓದ್ತೀರಾ?"

ಹಿಂದೆ ಯಾರೋ ಕಿಸಕ್ಕೆಂದರು. ಅವರು ಮೇಲ್ವಿಚಾರಕಿಯ ಮುಖ ನೋಡಿದರು, ಆಕೆ ಗೋಣು ಹಾಕಿದಳು. ಮೇಜಿನ ಮೇಲಿದ್ದ ದಿನಪತ್ರಿಕೆಯಿಂದ ಎರಡಲ್ಲ, ಐದು ಸಾಲು ಓದಿದರು. ಅಕ್ಕಪಕ್ಕದವರೂ ಬಗ್ಗಿ ಕೇಳಿಸಿಕೊಂಡರು.

ಎರಡು ಕಡೆ ಜಾರಿದೆ, ಬಹುಶಃ ಮೂರು. ಏನಾಗುತ್ತದೋ ಗೊತ್ತಿಲ್ಲ. ಕಾಲು ನೋಯುತ್ತಿದೆ.

ಜನವರಿ 29, ಗುರುವಾರ

ಪಾಸು. ಸೆಕೆಂಡ್ ಕ್ಲಾಸು.

ಅಂಗಡಿಗೆ ರಜೆ ಹೇಳಿ ನೇರ ಇನ್‌ಸ್ಟಿಟ್ಯೂಟಿಗೆ ಹೋದೆ. ಸಿಹಿ ತಗೊಂಡು ಹೋಗಿದ್ದೆ. ಸಾರ್ ಖುಷಿಪಡುತ್ತಾರೆ, ಪ್ರೀತಿ ಸುಚಿತ್ರಾ ಎದುರಿಗೆ ನಾಲ್ಕು ಮಾತಾಡುತ್ತಾರೆ ಎಂದುಕೊಂಡಿದ್ದೆ. ಅವರು ಅಂಕಪಟ್ಟಿಯ ಪ್ರಿಂಟನ್ನು ಹಿಡಿದು ಬಹಳ ಹೊತ್ತು ನೋಡಿದರು. ಒಂದೇ ಒಂದು ಸಲ "ಒಳ್ಳೇದಾಯ್ತು ಕಣಮ್ಮ" ಎಂದರು. ಸಿಹಿಯ ಡಬ್ಬ ಮುಟ್ಟಲಿಲ್ಲ. ನನಗೆ ಪಿಚ್ಚೆನಿಸಿತು, ಸಿಟ್ಟೂ ಬಂತು. ಮೂರು ವರ್ಷ ಬೈಸಿಕೊಂಡದ್ದಕ್ಕೆ ಇಷ್ಟೇನಾ?

ಅವರು ಬೀರುವಿನಿಂದ ಅಡ್ಮಿಷನ್ ರಿಜಿಸ್ಟರ್ ತೆಗೆದರು. "ಎರಡೇ ತಿಂಗಳು ಬೇರೆಬೇರೆ ಬಾಯಲ್ಲಿ ಕೇಳಿದೆ, ಪಾಸಾದೆ ನೀನು. ಹಂಗಿದ್ರೆ ಇವರೂ ಆಗ್ತಿದ್ರು ಅಲ್ವಾ?" ಎಂದು ಪುಟ ತಿರುಗಿಸಿದರು. ಹತ್ತು ವರ್ಷದಲ್ಲಿ ಇಂಗ್ಲಿಷ್ ಸೀನಿಯರ್ ಫೇಲಾಗಿ ಬಿಟ್ಟುಹೋದವರು ಮೂವತ್ತೊಂದು ಜನ. ಪ್ರತಿ ಹೆಸರಿನ ಮುಂದೆ ಸಾರ್ ಅಕ್ಷರದಲ್ಲೇ 'ಗಮನ ಸಾಲದು' ಎಂದಿತ್ತು.

ನಾನು ಏನಾದರೂ ಸಮಾಧಾನ ಹೇಳಬೇಕಿತ್ತು. ಅವರಿಗೆ ಸುಳ್ಳು ಹೇಳಲು ನನಗೆ ಬರಲಿಲ್ಲ. "ಆಗ್ತಿದ್ರೇನೋ ಸಾರ್" ಎಂದೆ.

"ಕಣ್ಣು ಸರಿಯಾಗಿ ಕಾಣ್ಸಲ್ಲ. ಇವರ ನಂಬರು ಒಂದೊಂದೇ ಒತ್ತಿಕೊಡು."

ಮೊದಲ ನಂಬರು ಚಾಲ್ತಿಯಲ್ಲಿರಲಿಲ್ಲ. ಎರಡನೆಯದು ವಸಂತ್. ನಾಲ್ಕು ಸಲ ಕೂತು ನಾಲ್ಕೂ ಸಲ ಫೇಲಾದವನು. ಈಗ ನಂಜನಗೂಡಿನ ಕಡೆ ಯಾವುದೋ ಫ್ಯಾಕ್ಟರಿಯ ಗೇಟಿನಲ್ಲಿ ವಾಚ್‌ಮನ್ ಆಗಿದ್ದಾನಂತೆ. ಸ್ಪೀಕರ್ ಹಾಕಿ ಫೋನನ್ನು ಸಾರ್ ಮುಂದೆ ಹಿಡಿದೆ.

"ವಸಂತಾ, ನಾನು ಸದಾಶಿವಯ್ಯ. ಇನ್‌ಸ್ಟಿಟ್ಯೂಟಿಂದ. ನಿನ್ನ ಕಿವಿ ಸರಿಯಾಗೇ ಇತ್ತು ಕಣಪ್ಪ. ನಾನು ಹೇಳ್ಕೊಡ್ತಿದ್ದ ಉಚ್ಚಾರಾನೇ ತಪ್ಪಿತ್ತು. ನಿನ್ನ ಸೋಮಾರಿ ಅಂದೆ, ಕಿವುಡ ಅಂದೆ. ನಿಮ್ಮ ತಂದೆಯವರನ್ನ ಕರೆಸಿ ಅವರ ಎದುರಿಗೂ ಅಂದೆ. ತಪ್ಪು ನನ್ನದು. ಅದನ್ನ ಹೇಳೋಣ ಅಂತ ಮಾಡಿದೆ."

ಆ ಕಡೆ ಲಾರಿಗಳ ಸದ್ದು ಕೇಳುತ್ತಿತ್ತು.

"ಈಗ್ ಯಾಕೆ ಸಾರ್ ಹೇಳ್ತಿದೀರಾ?" ಎಂದ ಅವನು. ದನಿ ಏರಲಿಲ್ಲ. "ನಮ್ಮಪ್ಪ ಇರೋ ತನಕ ಹೇಳ್ಬೇಕಿತ್ತು. ನನ್ನ ದಡ್ಡ ಅಂದ್ಕೊಂಡೇ ಸತ್ತೋದ್ರು."

ಫೋನ್ ಇಟ್ಟುಬಿಟ್ಟ.

ಟೈಪಿಂಗ್ ಹುಡುಗಿಯರು ಇತ್ತ ನೋಡದ ಹಾಗೆ ಕೂತಿದ್ದರು. ಸಾರ್ ಕನ್ನಡಕ ತೆಗೆದು ಶರ್ಟಿನ ಅಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. "ಇವತ್ತಿಗೆ ಸಾಕು ಸಾರ್. ಮನೆಗೆ ಹೋಗೋಣ ಬನ್ನಿ" ಎಂದೆ.

ಅವರು ರಿಜಿಸ್ಟರಿನಲ್ಲಿ ವಸಂತನ ಹೆಸರಿನ ಮುಂದೆ ಇದ್ದದ್ದನ್ನು ಹೊಡೆದುಹಾಕಿ, ಬೆರಳನ್ನು ಕೆಳಗಿನ ಸಾಲಿಗೆ ಇಳಿಸಿದರು.

"ಇನ್ನೂ ಇಪ್ಪತ್ತೊಂಬತ್ತು ಜನ ಇದಾರೆ. ಮುಂದಿನ ನಂಬರು ಒತ್ತಮ್ಮ."

ಒತ್ತಿದೆ.